ಸದರಿ ವಿಷಯವು ಪರಿಶೀಲನೆಯಲ್ಲಿದೆ

ಆಷಾಢದಲ್ಲಿ ಹೊಸದು ಬೇಡ ಅಂದರೂ ಬಂತು.
ಪೆಟ್ಟಿಗೆಯೇ ಇಲ್ಲದ ಯಂತ್ರಕ್ಕೆ ಎಲ್ಲಿ ಇಡುವುದು ಕುಂಕುಮ ಎಂದು
ಅರ್ಧ ಗಂಟೆ ಚರ್ಚೆಯಾಗಿ, ಕೊನೆಗೆ
ನನ್ನ ಕೀಬೋರ್ಡಿನ ಮೂಲೆಗೇ ಹಚ್ಚಿದರು.
ಇವತ್ತಿಗೂ ಎಂಟರ್ ಒತ್ತಿದರೆ ಬೆರಳು ಕೆಂಪು.

ಮಂಡ್ಯದ ನೀರು ಸರಬರಾಜು ಕಚೇರಿ, ದೂರು ವಿಭಾಗ.
ನಾವು ನಾಲ್ಕು ಜನ, ಫ್ಯಾನು ಎರಡು.
ದೂರು ಬಂದರೆ ಉತ್ತರ ಅದೇ ಬರೆದುಕೊಡುತ್ತದೆ,
ನೀವು ಓದಿ ಕಳಿಸಿದರಾಯಿತು ಎಂದು
ಮೈಸೂರಿಂದ ಬಂದ ಹುಡುಗ ಹೇಳಿ, ಕಾಫಿ ಕುಡಿದು ಹೋದ.
'ಓದಿ' ಅನ್ನುವ ಮಾತು
ಅವನ ಜೊತೆಗೇ ಬಸ್ಸು ಹತ್ತಿತು.

ಕೆಂಚೇಗೌಡರು ಮೊದಲ ವಾರ ಅದರತ್ತ ತಿರುಗಲಿಲ್ಲ.
ಎರಡನೇ ವಾರ, ಅದು ಬರೆದದ್ದನ್ನು ಪ್ರಿಂಟು ತೆಗೆದು,
ನೋಡಿಕೊಂಡು, ನೀಲಿ ಶಾಯಿಯಲ್ಲಿ ತಾವೇ ಬರೆದು
ಟಪಾಲಿಗೆ ಹಾಕಿದರು. ಕೈಬರಹ ಮುತ್ತಿನಂಥದು.
ಇಮ್ತಿಯಾಜ್ ಯಾರಾದರೂ ಹಿಂದೆ ಸುಳಿದರೆ
ತಟ್ಟನೆ ಅದನ್ನು ಮುಚ್ಚಿ ಎಕ್ಸೆಲ್ ತೆರೆಯುತ್ತಾನೆ,
ಕದ್ದು ಬೀಡಿ ಸೇದುವ ಹುಡುಗನ ಹಾಗೆ,
ಕೊಟ್ಟವರು ಸಾಹೇಬರೇ ಆದರೂ.
ನಾನೋ, ಅದು ತಪ್ಪಿಲ್ಲದೆ ಬರೆದದ್ದಕ್ಕೆ
ಒಂದು 'ಸದರಿ' ಸೇರಿಸುತ್ತೇನೆ, ಒಂದು ಒತ್ತಕ್ಷರ ಕೆಡಿಸುತ್ತೇನೆ.
ನನ್ನದೆಂದು ಗೊತ್ತಾಗಬೇಕಲ್ಲ.

ಸಾಹೇಬರಿಗೆ ಅದರ ಒಂದೇ ಉಪಯೋಗ: ಮೆಮೊ.
'ಇನ್ನೂ ಖಾರವಾಗಿ' ಅನ್ನುತ್ತಾರೆ. ಬರೆಯುತ್ತದೆ.
'ಇನ್ನೂ.'
ನಾವು ಅಳಲಿಲ್ಲ, ಸಮಜಾಯಿಷಿಯನ್ನೂ ಅದರ ಕೈಲೇ ಬರೆಸಿದೆವು.
ಒಂದೇ ಬಾಯಿ, ಒಂದೇ ಮಧ್ಯಾಹ್ನ,
ಬೈದೂ ಬೈಸಿಕೊಂಡೂ ದಣಿಯಲಿಲ್ಲ.

ಮಾತಾಡಿಸಿದವಳು ಹೊಂಬಾಳಮ್ಮ ಒಬ್ಬಳೇ.
ಸಂಜೆ ಕಸ ಗುಡಿಸಲು ಬಂದವಳು ಪೊರಕೆಗೆ ಗದ್ದವಿಟ್ಟು:
'ಉಂಡದಾ ಅಂತ ಕೇಳವ್ವ ಅದನ್ನ.'

ಶ್ರಾವಣಕ್ಕೆ ಒಂದು ದೂರು.
ಕಲ್ಲಹಳ್ಳಿ, ಇಡ್ಲಿ ಹೋಟೆಲಿನ ದೇವೀರಮ್ಮ:
'ಮಂಗಳವಾರ ರಾತ್ರಿ ಮೂರಕ್ಕೆ ಏಳು ನಿಮಿಷ ನಲ್ಲಿ ಬರುತ್ತೆ.
ನೀರಲ್ಲ, ಗಾಳಿ. ಗಾಳಿಗೂ ಮೀಟರು ತಿರುಗುತ್ತೆ ಸ್ವಾಮಿ.
ಬಿಲ್ಲು ಯಾವುದಕ್ಕೆ ಕಟ್ಟಲಿ?'
ಸದರಿ ವಿಷಯವು ಪರಿಶೀಲನೆಯಲ್ಲಿದೆ, ಎಂದಿತು ಯಂತ್ರ.
ಕೆಳಗೆ ಬೂದು ಬಣ್ಣದಲ್ಲಿ, ಚಿಕ್ಕದಾಗಿ:
ಈ ದೂರು ಐದನೇ ಸಲ ಬಂದಿದೆ. ಸ್ಥಳಕ್ಕೆ ಯಾರಾದರೂ ಹೋಗಿದ್ದೀರಾ?
ಹೌದು. ಇಲ್ಲ. ಮುಂದಕ್ಕೆ.

ಹಿಂದಿನ ನಾಲ್ಕನ್ನೂ ತೆಗೆದು ನೋಡಿದೆ.
ಕೆಂಚೇಗೌಡರು, ಮುಂದಕ್ಕೆ. ಇಮ್ತಿಯಾಜ್, ಮುಂದಕ್ಕೆ.
ಇಮ್ತಿಯಾಜ್ ಇನ್ನೊಮ್ಮೆ. ನಾಲ್ಕನೆಯದು ನನ್ನ ಹೆಸರು,
ಒಂದು ಗಂಟೆ ಇಪ್ಪತ್ತೆಂಟು ನಿಮಿಷ.
ಡಬ್ಬಿ ಬಿಚ್ಚುವ ಹೊತ್ತು.

'ಕೇಳೋ ಮಾತ ಕೇಳದೆ ಅದು' ಅಂದಳು ಹೊಂಬಾಳಮ್ಮ,
'ನೀವು ಬಾಯ್ಬುಡದಿದ್ರೆ ಅದೇನ್ ಮಾಡದು?
ನಡಿ, ನಮ್ಮ ಬೀದಿ ಪಕ್ಕದ್ದೇಯ.'

ಎರಡೂವರೆಗೆ ಸ್ಕೂಟಿಯಲ್ಲಿ ಇಬ್ಬರೂ.
ಸಕ್ಕರೆ ಕಾರ್ಖಾನೆ ಕಡೆಯಿಂದ ಹುಳಿ ವಾಸನೆ,
ಬಾಗಿಲಲ್ಲಿ ದೇವೀರಮ್ಮ, ಸುತ್ತ ಖಾಲಿ ಕೊಡಗಳು,
ನಮ್ಮನ್ನು ನಂಬದ ಮುಖ.
ಮೂರಕ್ಕೆ ನಲ್ಲಿ ಕೆಮ್ಮಿತು. ಕಿವಿಯಿಟ್ಟೆ.
ಊದಲು ಬಾರದವನ ಬಾಯಲ್ಲಿ ಶಂಖ.
'ಸೆರಗು ಹಾರತದೆ ಕಣವ್ವ!' ಹೊಂಬಾಳಮ್ಮ ನಕ್ಕಳು.
ಮೀಟರಿನ ಮುಳ್ಳು ಮಾತ್ರ ನಿಯತ್ತಾಗಿ ತಿರುಗುತ್ತಿತ್ತು.

ಬೆಳಗ್ಗೆ, ಅದು ಬರೆದದ್ದನ್ನು ಅಳಿಸಿ ನಾನೇ ಬರೆದೆ:
ನಿಮ್ಮ ನಲ್ಲಿಯಲ್ಲಿ ಗಾಳಿ ಬರುತ್ತಿದೆ. ನಾನು ಬಂದು ಕೇಳಿದ್ದೇನೆ.
ಪಕ್ಕದಲ್ಲಿ ಒಂದು ಸಲಹೆ ಮೂಡಿತು, ಬಹಳ ವಿನಯದಿಂದ:
'ಗಾಳಿ' ಬದಲಿಗೆ 'ತಾಂತ್ರಿಕ ಅಡಚಣೆ' ಎಂದಿರಲೇ?
ನಿಮ್ಮ ಹಿಂದಿನ ಪತ್ರಗಳಲ್ಲಿ ಹಾಗೇ ಇದೆ.

ಇದೆ. ಹನ್ನೊಂದು ವರ್ಷ ಹಾಗೇ ಬರೆದಿದ್ದೇನೆ.
ಬೇಡ, ಎಂದು ಒತ್ತಿದೆ.
ಇನ್ನೊಮ್ಮೆ ಕೇಳಿತು. ಇನ್ನೊಮ್ಮೆ ಬೇಡ.
ಎದುರು ಮೇಜಿನಿಂದ ಕೆಂಚೇಗೌಡರು
ಪೆನ್ನಿಗೆ ಮುಚ್ಚಳ ಹಾಕುತ್ತ ಕೇಳಿದರು,
'ಏನಮ್ಮಾ, ಕೆಟ್ಟೋಯ್ತಾ ಅದು?'

'ಇಲ್ಲ ಸಾರ್. ಕಲಿಸಿದ್ದನ್ನ ಮರೀತಿಲ್ಲ.'